ಮಾಡು ಕೂರದ ಮನೆ: ಮರಚೌಕಟ್ಟಿನ ಮಾದರಿಗಳಲ್ಲಿ ದೋಷ ಹುಡುಕುವ ಬಗೆ

ಜುಲೈ ತಿಂಗಳ ಒಂದು ಭಾನುವಾರ ಅಕ್ಕನ ಮಗ ಮುಂಬೈನ ಮಾಟುಂಗದಿಂದ ಡೊಂಬಿವಲಿಯ ನಮ್ಮ ಮನೆಗೆ ಸ್ಲೋ ಲೋಕಲ್ ರೈಲು ಹಿಡಿದು ಬಂದ. ಕೈಯಲ್ಲಿ ಮಿಠಾಯಿ ಡಬ್ಬ. ಒಳಗೆ ಹಳೇ ಬನಿಯನ್‌ನಲ್ಲಿ ಸುತ್ತಿದ ಒಂದು ಪುಟ್ಟ ಎರಡಂತಸ್ತಿನ ಮನೆ. ಬಿಳಿ ಗೋಡೆ, ಗೋಡೆಯ ಮೇಲೆ ಕಂದು ಮರದ ಪಟ್ಟಿಗಳು, ಕಡಿದಾದ ಮಾಡು. ಯುರೋಪಿನ ಹಳೇ ಊರುಗಳಲ್ಲಿ ಕಾಣುವಂಥ ಮರಚೌಕಟ್ಟಿನ ಮನೆ. 28 ಮಿಲಿಮೀಟರ್ ಅಳತೆಯ ಆಟಿಕೆ ಸೈನಿಕರ ಯುದ್ಧದಾಟಕ್ಕೆ ಅಂತ, ಕತ್ತರಿಸಿದ ಹಲಗೆ ತುಂಡುಗಳ ಕಿಟ್ ತಂದು ಎರಡು ವಾರ ಕೂತು ಕಟ್ಟಿದ್ದ. ಆಟದಲ್ಲಿ ಮಾಡನ್ನು ಎತ್ತಿಟ್ಟು ಒಳಗೆ ಸೈನಿಕರನ್ನು ನಿಲ್ಲಿಸಬೇಕು, ಮತ್ತೆ ಮುಚ್ಚಬೇಕು. ಆದ್ದರಿಂದ ಮಾಡು ಬಿಡಿಯಾಗಿಯೇ ಇರುತ್ತದೆ, ಸರಿಯಾಗಿ ಕೂರಲೇಬೇಕು.

"ಮಾವ, ಮಾಡು ಕೂರ್ತಾನೇ ಇಲ್ಲ. ಉದ್ದ ಗೋಡೆ ಮಧ್ಯದಲ್ಲಿ ಸಂದಿ ಬಿಡ್ತಿದೆ. ಗೋಡೆ ಮೇಲೆ ಸ್ವಲ್ಪ ಪುಟ್ಟಿ ತುಂಬಿಸಿಬಿಡ್ಲಾ?"

"ಬೇಡ ಕಣೋ, ಕೈ ಹಾಕಬೇಡ. ಮೊದಲು ನೋಡೋಣ."

ಈ ಬರಹ ಹುಟ್ಟಿದ್ದು ಆ ಮಧ್ಯಾಹ್ನ. ಮುಂಬೈನಲ್ಲಿ ಈ ಹವ್ಯಾಸ ಹಿಡಿದವರಿಗೆ ಇಂಥ ತೊಂದರೆಗಳು ಮಳೆಗಾಲದಲ್ಲಿ ಒಂದರ ಮೇಲೊಂದು ಬರುತ್ತವೆ. ನಾವು ಮಾಡುವ ದೊಡ್ಡ ತಪ್ಪು ಅಂದರೆ ಸಂದಿ ಎಲ್ಲಿ ಕಾಣುತ್ತದೋ ಅಲ್ಲೇ ಮದ್ದು ಹಚ್ಚುವುದು. ಸಂದಿ ಕಂಡದ್ದು ಮಾಡಿನ ಕೆಳಗೆ. ಕಾಯಿಲೆ ಇದ್ದದ್ದು ಗೋಡೆಯಲ್ಲಿ. ಕಾರಣ ಗೋಡೆಗೆ ಹಚ್ಚಿದ ನೀರು.

ಮಾಡಿನ ತಪ್ಪೋ, ಗೋಡೆಯ ತಪ್ಪೋ

ಮೊದಲ ಪರೀಕ್ಷೆಗೆ ಯಾವ ಸಾಮಾನೂ ಬೇಡ. ಸಂದಿ ಇರುವ ಜಾಗದಲ್ಲಿ ಗೋಡೆಯ ಮೇಲೆ ಪೆನ್ಸಿಲ್‌ನಿಂದ ಒಂದು ಗುರುತು ಮಾಡಿ, ಮಾಡಿನ ಮೇಲೂ ಒಂದು ಗುರುತು. ಈಗ ಮಾಡನ್ನು ಎತ್ತಿ, ಅರ್ಧ ಸುತ್ತು ತಿರುಗಿಸಿ ಇಡಿ. ಸಂದಿ ಮಾಡಿನ ಜೊತೆ ತಿರುಗಿ ಆ ಕಡೆಗೆ ಹೋಯಿತಾ? ಹಾಗಾದರೆ ಮಾಡು ಸೊಟ್ಟಗಾಗಿದೆ. ಸಂದಿ ಇದ್ದಲ್ಲೇ ಇತ್ತಾ? ಗೋಡೆಯ ತಪ್ಪು. ಎರಡೂ ಕಡೆ ಒಂದೇ ತರ ಇದ್ದರೆ ಮುಂದಿನ ಪರೀಕ್ಷೆಗಳಿಗೆ ಹೋಗಬೇಕು.

ನಮ್ಮ ಮನೆಯಲ್ಲಿ ಎರಡೂ ಉದ್ದ ಗೋಡೆಗಳ ಮಧ್ಯದಲ್ಲಿ ಸಂದಿ ಇತ್ತು. ಮಾಡು ತಿರುಗಿಸಿದರೂ ಮಾರ್ಕು ಹಾಕಿದ ಜಾಗದಲ್ಲೇ ಎರಡು ಮಿಲಿಮೀಟರ್ ಬೆಳಕು. ಮಾಡು ಬರೀ ಎರಡು ತ್ರಿಕೋನದ ಪಕ್ಕದ ಗೋಡೆಗಳ ಮೇಲೆ ಕೂತಿತ್ತು.

ಎರಡನೆಯದು ತಳ. ಅಡುಗೆಮನೆಯ ಓಟಾ, ಅಂದರೆ ಅಡುಗೆ ಕಟ್ಟೆ, ಗ್ರಾನೈಟಿನದಾದರೆ ಅದಕ್ಕಿಂತ ಸಮನಾದ ಜಾಗ ಫ್ಲಾಟಿನಲ್ಲಿ ಬೇರೆ ಸಿಗುವುದು ಕಷ್ಟ. ಮನೆಯನ್ನು ಅದರ ಮೇಲಿಟ್ಟು ನಾಲ್ಕು ಮೂಲೆಯನ್ನೂ ಒಂದೊಂದಾಗಿ ಬೆರಳಲ್ಲಿ ಒತ್ತಿ. ಎದುರುಬದುರಿನ ಎರಡು ಮೂಲೆ ಟಕ್ ಟಕ್ ಅಂದರೆ ತಳ ತಿರುಚಿಕೊಂಡಿದೆ. ಇವನದು ಅಲ್ಲಾಡಲಿಲ್ಲ.

ಮೂರನೆಯದು ಮೂಲೆ. ಇಲ್ಲಿನ ಬಡಗಿಗಳು ಗುಣ್ಯಾ ಅನ್ನುವ ಮೂಲೆಮಟ್ಟ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಮೇಲಿನಿಂದ ನೋಡಿ ಒಂದು ಮೂಲೆಯಿಂದ ಎದುರಿನ ಮೂಲೆಗೆ ಅಳೆಯಿರಿ, ಆಮೇಲೆ ಇನ್ನೊಂದು ಜೋಡಿ ಮೂಲೆ ಅಳೆಯಿರಿ. 150 ಮಿ.ಮೀ. ಉದ್ದ, 100 ಮಿ.ಮೀ. ಅಗಲದ ಮನೆಗೆ ಎರಡೂ 180 ಬರಬೇಕು. ಒಂದು 182, ಇನ್ನೊಂದು 178 ಬಂದರೆ ಮನೆ ಓರೆಯಾಗಿ ಅಂಟಿಕೊಂಡಿದೆ ಅಂತ ಅರ್ಥ. ಅದಕ್ಕೆ ಮದ್ದು ಬೇರೆ: ಒಂದು ಮೂಲೆ ಬಿಚ್ಚಲೇಬೇಕು. ನಮ್ಮದು ಎರಡೂ 180 ಬಂತು.

ಉಳಿದದ್ದು ಗೋಡೆಯ ಮೈ. ಸ್ಟೀಲ್ ಸ್ಕೇಲನ್ನು ಅದರ ಅಂಚಿನ ಮೇಲೆ ನಿಲ್ಲಿಸಿ ಗೋಡೆಗೆ ತಾಗಿಸಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಮರದ ಪಟ್ಟಿಗಳು ಅಡ್ಡ ಬರುತ್ತವೆ, ಆದ್ದರಿಂದ ಗೋಡೆಯ ಮೇಲಂಚಿನಲ್ಲಿ, ಮಾಡು ಕೂರುವ ಜಾಗದಲ್ಲೇ ನೋಡುವುದು ಸುಲಭ. ನಮಗೆ ಮಧ್ಯದಲ್ಲಿ ತೆಳ್ಳಗೆ ಚಂದ್ರನ ಚೂರಿನಂಥ ಬೆಳಕು ಕಾಣಿಸಿತು. ಅಂದರೆ ಗೋಡೆಯ ನಡು ಒಳಕ್ಕೆ ಬಾಗಿದೆ. ಇನ್ನೊಂದು ಗೋಡೆಯೂ ಹಾಗೇ.

ಈಗ ಸಂದಿಯ ಲೆಕ್ಕ ಸಿಗುತ್ತದೆ. ಈ ಮನೆಗಳ ಮಾಡು ತುಂಬ ಕಡಿದು. ಗೋಡೆ ಎರಡು ಮಿಲಿಮೀಟರ್ ಒಳಗೆ ಸರಿದರೆ, 45 ಡಿಗ್ರಿ ಮಾಡಿನ ಕೆಳಗೆ ಎರಡೇ ಮಿಲಿಮೀಟರ್ ಸಂದಿ ಬೀಳುತ್ತದೆ. 55 ಡಿಗ್ರಿ ಆದರೆ ಅದು ಮೂರರ ಹತ್ತಿರ ಹೋಗುತ್ತದೆ. ಮಾಡು ಕಡಿದಾದಷ್ಟೂ ಗೋಡೆಯ ಸಣ್ಣ ಬಾಗು ಮೇಲೆ ದೊಡ್ಡದಾಗಿ ಕಾಣುತ್ತದೆ. ಸಂದಿಗೆ ಪುಟ್ಟಿ ತುಂಬಿದ್ದರೆ ಏನಾಗುತ್ತಿತ್ತು? ಅಕ್ಟೋಬರ್ ಬಿಸಿಲಿಗೆ ಗೋಡೆ ಒಂದಿಷ್ಟು ಅಲ್ಲಾಡಿದಾಗ ಆ ಪುಟ್ಟಿಯೇ ಮಾಡನ್ನು ಎತ್ತಿ ಹಿಡಿಯುತ್ತಿತ್ತು. ಆಗ ನಡುವಿನ ಸಂದಿ ಹೋಗಿ ಎರಡು ತುದಿಗಳಲ್ಲಿ ಹೊಸ ಸಂದಿ.

ಬಾಗಿದ್ದು ಯಾಕೆ

"ಯಾವತ್ತು ಮೊದಲು ನೋಡಿದೆ ಸಂದಿ?" ಅಂತ ಕೇಳಿದೆ. ಈ ಪ್ರಶ್ನೆ ಕೇಳದೆ ಯಾವ ದೋಷಕ್ಕೂ ಕೈ ಹಾಕಬಾರದು.

"ಗೋಡೆಗೆ ಪುಟ್ಟಿ ಹಚ್ಚಿ, ಪಟ್ಟಿ ಅಂಟಿಸಿ, ಮಲಗಿದೆ. ಮಾರನೇ ದಿನ ಬೆಳಿಗ್ಗೆ ಸ್ವಲ್ಪ ಇತ್ತು. ಬಣ್ಣ ಹಚ್ಚಿದ ಮೇಲೆ ಜಾಸ್ತಿ ಆಯ್ತು."

"ಒಳಗಡೆಗೆ ಏನು ಹಚ್ಚಿದೆ?"

"ಒಳಗಡೆ ಯಾರು ನೋಡ್ತಾರೆ ಮಾವ, ಏನೂ ಹಚ್ಚಿಲ್ಲ."

ಅಲ್ಲೇ ಇದೆ ಉತ್ತರ. ಕಿಟ್‌ನ ಗೋಡೆಗಳು ಎಂಡಿಎಫ್‌ನವು. ಎಂಡಿಎಫ್ ಅಂದರೆ ಮರದ ನಾರನ್ನು ಅಂಟಿನ ಜೊತೆ ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ನೀರು ಕಂಡರೆ ನಾರು ಹಿಗ್ಗುತ್ತದೆ. ಹಲಗೆಯ ಎರಡೂ ಮೈ ಒಂದೇ ತರ ಹಿಗ್ಗಿದರೆ ತೊಂದರೆ ಇಲ್ಲ. ಆದರೆ ಮರಚೌಕಟ್ಟಿನ ಮನೆಯಲ್ಲಿ ನಾವು ಮಾಡುವ ಕೆಲಸವೆಲ್ಲ ಹೊರಮೈಗೇ: ನೀರು ಬೆರೆಸಿದ ಪುಟ್ಟಿ, ಫೆವಿಕಾಲ್ ತರದ ಬಿಳಿ ಅಂಟು, ಪಟ್ಟಿಗಳು, ಅಕ್ರಿಲಿಕ್ ಬಣ್ಣ. ಹಚ್ಚಿದ ಕೂಡಲೇ ಹೊರಮೈ ಹಿಗ್ಗಿ ಗೋಡೆಯ ನಡು ಹೊರಗೆ ಉಬ್ಬುತ್ತದೆ. ಆಮೇಲೆ ಅಂಟು, ಪುಟ್ಟಿ, ಬಣ್ಣ ಎಲ್ಲ ಒಣಗುತ್ತಾ ಕುಗ್ಗುತ್ತವೆ. ಕುಗ್ಗುವಾಗ ಹೊರಮೈಯನ್ನು ತಮ್ಮ ಕಡೆ ಎಳೆದುಕೊಳ್ಳುತ್ತವೆ. ಗೋಡೆಯ ತುದಿಗಳು ಹೊರಗೆ ಬಂದು ನಡು ಒಳಗೆ ಹೋಗುತ್ತದೆ. ಕಲ್ಲಿನ ಗೋಡೆಯ ಕಿಟ್‌ಗಿಂತ ಮರಚೌಕಟ್ಟಿನ ಕಿಟ್ ಜಾಸ್ತಿ ಬಾಗುವುದು ಇದಕ್ಕೇ. ಕಲ್ಲಿನ ಗೋಡೆಗೆ ಬಹಳ ಸಲ ಬರೀ ಬಣ್ಣ ಸಾಕು, ಇದಕ್ಕೆ ಒಂದರ ಮೇಲೊಂದು ನಾಲ್ಕು ಪದರ.

ಇದನ್ನು ಖಚಿತ ಮಾಡಿಕೊಳ್ಳಲು ಒಂದು ಒಳ್ಳೆ ಸಾಕ್ಷಿ ಇರುತ್ತದೆ, ಆದರೆ ಎಲ್ಲರೂ ಅದನ್ನು ಕಸಕ್ಕೆ ಹಾಕುತ್ತಾರೆ. ಲೇಸರ್‌ನಲ್ಲಿ ಕತ್ತರಿಸಿದ ಭಾಗಗಳನ್ನು ಬಿಡಿಸಿದ ಮೇಲೆ ಉಳಿಯುವ ಹೊರ ಚೌಕಟ್ಟು. ಅದೇ ಹಾಳೆ, ಅದೇ ಮನೆಯ ಗಾಳಿ, ಬರೀ ಅಂಟು ಬಣ್ಣ ಇಲ್ಲ. ಅದನ್ನು ಓಟಾ ಮೇಲೆ ಇಟ್ಟು ನೋಡಿ. ಅದೂ ಬಾಗಿದ್ದರೆ ಹಾಳೆಯೇ ಸೊಟ್ಟಗೆ ಬಂದಿದೆ, ಅಥವಾ ಗೋಡೆಗೆ ಒರಗಿಸಿ ಇಟ್ಟದ್ದರಿಂದ ಬಾಗಿದೆ. ಅದು ನೆಟ್ಟಗಿದ್ದು ಮನೆಯ ಗೋಡೆ ಮಾತ್ರ ಬಾಗಿದ್ದರೆ ಕಾರಣ ನಮ್ಮ ಕೆಲಸ. ಇವನು ಪುಣ್ಯಕ್ಕೆ ಚೌಕಟ್ಟು ಇಟ್ಟುಕೊಂಡಿದ್ದ. ಮನೆಗೆ ಹೋಗಿ ನೋಡಿ ಫೋನ್ ಮಾಡಿದ: "ಮಾವ, ನೆಟ್ಟಗಿದೆ."

ಇನ್ನೊಂದು ವ್ಯತ್ಯಾಸ ತಿಳಿದಿರಬೇಕು. ಬಾಗುವುದು ಬೇರೆ, ಊದುವುದು ಬೇರೆ. ಬಾಗಿದ್ದನ್ನು ಮತ್ತೆ ನೆಟ್ಟಗೆ ಮಾಡಬಹುದು. ನೀರು ಕುಡಿದು ದಪ್ಪದಲ್ಲಿ ಊದಿದ ಎಂಡಿಎಫ್ ಒಣಗಿದರೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಅಂಚನ್ನು ಉಗುರಲ್ಲಿ ಕೆರೆದು ನೋಡಿ. ಹತ್ತಿಯ ಹಾಗೆ ನಾರು ನಾರಾಗಿ ಎದ್ದಿದ್ದರೆ, ಅಥವಾ ಕ್ಯಾಲಿಪರ್‌ನಲ್ಲಿ 3 ಮಿ.ಮೀ. ಇರಬೇಕಾದದ್ದು 3.4 ತೋರಿಸಿದರೆ ಅದು ಊದಿದೆ. ಅದನ್ನು ಉಪ್ಪುಕಾಗದದಲ್ಲಿ ಉಜ್ಜಿ ತೆಗೆಯುವುದೊಂದೇ ದಾರಿ. ಆ ಪುಡಿ ಮೂಗಿಗೆ ಒಳ್ಳೆಯದಲ್ಲ, ಮಾಸ್ಕ್ ಹಾಕಿಕೊಂಡು ಉಜ್ಜಿ.

ನೆಟ್ಟಗೆ ಮಾಡಿದ್ದು ಹೀಗೆ

ಗೋಡೆ ಇನ್ನೂ ಬಿಡಿಯಾಗಿದ್ದರೆ ಕೆಲಸ ಸುಲಭ. ಹೊರಮೈಗೆ ಹಚ್ಚಿದ್ದನ್ನೇ ಒಳಮೈಗೂ ತೆಳ್ಳಗೆ ಹಚ್ಚಿ. ಕೈಗೆ ಅಂಟದಷ್ಟು ಒಣಗಿದ ಮೇಲೆ ಎರಡೂ ಕಡೆ ಬೇಕಿಂಗ್ ಪೇಪರ್ ಇಟ್ಟು, ಪಟ್ಟಿಗಳಿರುವ ಕಡೆ ಒಂದು ಮೆತ್ತನೆ ಬಟ್ಟೆ ಹಾಕಿ, ಎರಡು ಗಾಜಿನ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕಗಳನ್ನು ಹೇರಿ. ಎರಡು ದಿನ ಮುಟ್ಟಬೇಡಿ. ಬೇಗ ಒಣಗಲಿ ಅಂತ ಬಿಸಿಲಿಗೆ ಇಡಬೇಡಿ, ಒಂದೇ ಮೈ ಒಣಗಿ ಬೇರೆ ಕಡೆ ಬಾಗುತ್ತದೆ. ಹೇರ್ ಡ್ರೈಯರ್ ಹಿಡಿದರೂ ಹಾಗೇ.

ನಮ್ಮದು ಕಟ್ಟಿ ಮುಗಿದ ಮನೆ. ಅದನ್ನು ಗಾಜಿನ ನಡುವೆ ಇಡಲು ಆಗುವುದಿಲ್ಲ. ಒಳಗಿನ ಅಗಲ ಲೆಕ್ಕ ಹಾಕಿದೆವು. ಹೊರ ಅಗಲ 100, ಎರಡು ಗೋಡೆಯ ದಪ್ಪ ತಲಾ 3, ಉಳಿದದ್ದು 94. ನಡುವಿನಲ್ಲಿ ಅಳೆದರೆ 90 ಇತ್ತು. ಎರಡು ಗೋಡೆಗಳೂ ಎರಡೆರಡು ಮಿಲಿಮೀಟರ್ ಒಳಗೆ ಬಂದಿದ್ದವು. ಲೆಕ್ಕ ಕೂಡಿಬಂದಾಗ ಅವನ ಮುಖ ನೋಡಬೇಕಿತ್ತು.

ನನ್ನ ಬಳಿ ಇದ್ದ ಎಂಡಿಎಫ್ ಚೂರಿನಿಂದ 95 ಮಿಲಿಮೀಟರ್ ಉದ್ದದ ಒಂದು ತುಂಡು ಕತ್ತರಿಸಿದೆವು. ಒಂದು ಮಿಲಿಮೀಟರ್ ಜಾಸ್ತಿ ಬೇಕಂತಲೇ, ಬಿಟ್ಟ ಮೇಲೆ ಗೋಡೆ ಸ್ವಲ್ಪ ಹಿಂದೆ ಬರುತ್ತದೆ. ಆಮೇಲೆ ಒಳಮೈಗೆ ನೀರು ಬೆರೆಸಿದ ಬಿಳಿ ಅಂಟನ್ನು ಅಗಲ ಬ್ರಷ್‌ನಲ್ಲಿ ಎಲ್ಲ ಕಡೆ ಸಮನಾಗಿ ಹಚ್ಚಿದ. ಹಚ್ಚಿದ ಹತ್ತು ನಿಮಿಷಕ್ಕೆ ಗೋಡೆ ಇನ್ನೂ ಒಳಗೆ ಬಂತು. ಅವನು ಗಾಬರಿಯಾದ. ಆಗುವುದು ಹಾಗೆಯೇ. ಮೊದಲು ಒಳಮೈ ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಗೋಡೆಯನ್ನು ವಾಪಸ್ ಎಳೆಯುತ್ತದೆ. ಒದ್ದೆ ಇರುವಾಗಲೇ ಆ 95ರ ತುಂಡನ್ನು ಗೋಡೆಗಳ ಮೇಲಂಚಿನ ನಡುವೆ ಮೆಲ್ಲಗೆ ಸಿಕ್ಕಿಸಿದೆವು. ಬಟ್ಟೆ ಕ್ಲಿಪ್ ಹಾಕಿ ಮೂಲೆಗಳನ್ನು ಹಿಡಿಸಿದೆವು. ಮನೆ ನಮ್ಮಲ್ಲೇ ಉಳಿಯಿತು, ಅವನು ರಾತ್ರಿ ವಾಪಸ್ ಹೋದ.

ಮಂಗಳವಾರ ಸಂಜೆ ತುಂಡನ್ನು ತೆಗೆದು ಅಳೆದೆ. 94 ಇರಬೇಕಾದಲ್ಲಿ 93.5 ಬಂತು. ಸಾಕು. ಹೊಸದಾಗಿ 94 ಮಿ.ಮೀ.ಗೆ ಸರಿಯಾಗಿ ಒಂದು ಪಟ್ಟಿ ಮಾಡಿ, ಮೇಲಂಚಿಗಿಂತ ಸ್ವಲ್ಪ ಕೆಳಗೆ ಅಡ್ಡ ತೊಲೆಯ ಹಾಗೆ ಖಾಯಂ ಆಗಿ ಅಂಟಿಸಿದೆ. ನಿಜವಾದ ಮನೆಗಳಲ್ಲೂ ಅದೇ ಜಾಗದಲ್ಲಿ ಅಡ್ಡ ತೊಲೆ ಇರುತ್ತದೆ. ಅಲ್ಲಿ ಮಾಡಿನ ಭಾರ ಗೋಡೆಗಳನ್ನು ಹೊರಗೆ ತಳ್ಳುತ್ತದೆ, ತೊಲೆ ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಅಂಟು ಒಳಗೆ ಎಳೆಯುತ್ತದೆ, ಅದೇ ತೊಲೆ ಅದನ್ನು ತಡೆಯುತ್ತದೆ. ಆಟದಲ್ಲಿ ಸೈನಿಕರನ್ನು ಇಡಲು ಅದು ಅಡ್ಡ ಬರಬಾರದು ಅಂದರೆ ಗೋಡೆಗೆ ಉದ್ದಕ್ಕೂ ಒಳಗಡೆ ಒಂದು ಪಟ್ಟಿಯನ್ನು ಅಂಚು ನಿಲ್ಲಿಸಿ ಅಂಟಿಸಿ. ಅದೂ ಗಟ್ಟಿ.

ಮುಂದಿನ ಕಿಟ್‌ಗೆ ಇಷ್ಟು ಕಷ್ಟ ಬೇಡ. ಭಾಗಗಳು ಹಾಳೆಯಲ್ಲಿ ಇರುವಾಗಲೇ ಎರಡೂ ಮೈಗೆ, ಕತ್ತರಿಸಿದ ಅಂಚುಗಳಿಗೂ, ಅರಗಿನ ಪಾಲಿಶ್ ಒಂದು ಕೈ ಹೊಡೆಯಿರಿ. ಬಡಗಿಗಳು ಮೇಜು ಕುರ್ಚಿಗೆ ಹಚ್ಚುವ ಅದೇ ಪಾಲಿಶ್. ಅದರಲ್ಲಿ ಅರಗು ಕರಗಿರುವುದು ಸ್ಪಿರಿಟ್‌ನಲ್ಲಿ, ನೀರಿನಲ್ಲಿ ಅಲ್ಲ. ಆದ್ದರಿಂದ ನಾರು ಹಿಗ್ಗುವುದಿಲ್ಲ. ಬೇಗ ಒಣಗುತ್ತದೆ, ಆಮೇಲೆ ಹಚ್ಚುವ ನೀರು ಒಳಗೆ ಇಳಿಯಲು ಬಿಡುವುದಿಲ್ಲ. ಕಿಟಕಿ ತೆರೆದಿಡಿ, ಹತ್ತಿರ ಗ್ಯಾಸ್ ಒಲೆಯಾಗಲಿ ಊದುಬತ್ತಿಯಾಗಲಿ ಉರಿಯಬಾರದು. ಸ್ಪ್ರೇ ಪ್ರೈಮರ್ ಕೂಡ ನಡೆಯುತ್ತದೆ, ಆದರೆ ಎರಡೂ ಮೈಗೆ.

ಪಟ್ಟಿಗಳು ಕಿತ್ತು ಬರುತ್ತಿದ್ದರೆ

ಮರಚೌಕಟ್ಟಿನ ಮನೆಯ ಚೆಂದವೆಲ್ಲ ಈ ಪಟ್ಟಿಗಳಲ್ಲಿ. ಅವು ಕಿತ್ತು ಬಂದರೆ ಇನ್ನೊಂದಿಷ್ಟು ಅಂಟು ಹಾಕಿ ಒತ್ತುವ ಮೊದಲು, ಬಿದ್ದ ಪಟ್ಟಿಯ ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಿ. ಕಾರಣ ಅಲ್ಲೇ ಬರೆದಿರುತ್ತದೆ.

ಹಿಂಬದಿಯಲ್ಲಿ ಕಂದು ಕಪ್ಪು ಪುಡಿ ಅಂಟಿದ್ದು, ಬೆರಳಿಗೆ ಮಸಿ ಹತ್ತಿದರೆ ಲೇಸರ್ ಸುಟ್ಟ ಮಸಿಯ ಮೇಲೆ ನೀವು ಅಂಟಿಸಿದ್ದೀರಿ. ಅಂಟು ಹಿಡಿದದ್ದು ಮಸಿಯನ್ನು, ಮರವನ್ನಲ್ಲ. ಅಂಟಿಸುವ ಮೈಯನ್ನು ಉಪ್ಪುಕಾಗದದಲ್ಲಿ ಎರಡು ಸಲ ಎಳೆದು ಮಸಿ ಹೋದ ಮೇಲೆ ಅಂಟಿಸಿ.

ಹಿಂಬದಿಯಲ್ಲಿ ಬಣ್ಣದ ಸಿಪ್ಪೆ ಕಂಡರೆ ಬಣ್ಣ ಗೋಡೆಯನ್ನು ಬಿಟ್ಟುಬಂದಿದೆ. ಪಟ್ಟಿ ಬರುವ ಜಾಗದಲ್ಲಿ ಬಣ್ಣ ಕೆರೆದು ತೆಗೆಯಬೇಕಿತ್ತು.

ಹಿಂಬದಿ ಶುಭ್ರವಾಗಿದ್ದು, ಗೋಡೆಯ ಮೇಲೆ ಅಂಟಿನ ಗೆರೆ ಹೊಳೆಯುತ್ತಾ ಕೂತಿದ್ದರೆ, ಅದು ನಮ್ಮ ಊರಿನ ವಿಶೇಷ. ಫ್ಯಾನ್! ಸೆಕೆಗೆ ತಲೆ ಮೇಲೆ ಫ್ಯಾನ್ ಐದರಲ್ಲಿ ತಿರುಗುತ್ತಿರುತ್ತದೆ. ಗೋಡೆ ಪೂರ್ತಿ ಅಂಟಿನ ಗೆರೆ ಎಳೆದು, ಆಮೇಲೆ ಒಂದೊಂದಾಗಿ ಪಟ್ಟಿ ಇಡುತ್ತಾ ಹೋದರೆ ಕೊನೆಯ ಪಟ್ಟಿಯ ಹೊತ್ತಿಗೆ ಅಂಟಿನ ಮೇಲೆ ಹಾಲಿನ ಕೆನೆಯ ಹಾಗೆ ಪೊರೆ ಕಟ್ಟಿರುತ್ತದೆ. ಪಟ್ಟಿ ಆ ಪೊರೆಯ ಮೇಲೆ ಕೂರುತ್ತದೆ, ಅಷ್ಟೇ. ಒಂದು ಸಲಕ್ಕೆ ಎರಡು ಪಟ್ಟಿಯಷ್ಟೇ ಅಂಟು ಹಾಕಿ, ಅಥವಾ ಆ ಅರ್ಧ ಗಂಟೆ ಫ್ಯಾನ್ ಆರಿಸಿ.

ತುದಿಗಳು ಮಾತ್ರ ಎದ್ದು ನಿಂತಿದ್ದರೆ ಗೋಡೆಯದೇ ಕಥೆ ಪಟ್ಟಿಯಲ್ಲೂ ನಡೆದಿದೆ. ಕಾಫಿ ಕಲಕುವ ಕಡ್ಡಿ, ಐಸ್‌ಕ್ರೀಂ ಕಡ್ಡಿ, ಬಾಲ್ಸಾ ಅನ್ನುವ ಹಗುರ ಮರ, ಯಾವುದಾದರೂ ಸರಿ, ಒಂದೇ ಮೈಗೆ ಬಣ್ಣ ಹಚ್ಚಿದರೆ ಸುರುಳಿಕೊಳ್ಳುತ್ತದೆ. ಪಟ್ಟಿಗಳನ್ನು ಮೊದಲೇ ನಾಲ್ಕೂ ಕಡೆ ಬಣ್ಣದಲ್ಲಿ ಅದ್ದಿ ಒಣಗಿಸಿ, ಅಂಟಿಸುವ ಮೈಯನ್ನು ಮಾತ್ರ ಕೆರೆದು, ಆಮೇಲೆ ಅಂಟಿಸಿ.

ಬಿಳಿ ಗೋಡೆಯಲ್ಲಿ ಕಂದು ಕಲೆ

ಬಿಳಿ ಬಣ್ಣ ಹಚ್ಚಿದಷ್ಟೂ ಕಂದು ಕಲೆ ಮೇಲೆ ಬರುತ್ತಲೇ ಇದೆಯಾ? ಮೂರನೆಯ ಕೋಟ್‌ಗೂ ಬಂದರೆ ನಾಲ್ಕನೆಯದಕ್ಕೂ ಬರುತ್ತದೆ. ಕಲೆಯ ಆಕಾರ ನೋಡಿ. ಪಟ್ಟಿಗಳ ಅಂಚಿನ ಉದ್ದಕ್ಕೂ ಹರಡಿದ್ದರೆ ಪಟ್ಟಿಗೆ ಹಚ್ಚಿದ ಕಂದು ರಂಗು ನೀರಿನಲ್ಲಿ ಕರಗಿ ಹರಿದಿದೆ. ಲೇಸರ್ ಕೆತ್ತಿದ ಗೆರೆಗಳನ್ನೇ ಹಿಡಿದು ಹೋಗಿದ್ದರೆ ಮಸಿ. ಒದ್ದೆ ಹತ್ತಿಯಲ್ಲಿ ಮೆಲ್ಲಗೆ ಒರೆಸಿ, ಹತ್ತಿ ಕಂದಾದರೆ ಎರಡಕ್ಕೂ ಮದ್ದು ಒಂದೇ. ಕಲೆಯ ಮೇಲೆ ಅರಗಿನ ಪಾಲಿಶ್ ಒಂದು ಕೈ, ಒಣಗಿದ ಮೇಲೆ ಬಿಳಿ. ಸ್ಪಿರಿಟ್ ಆದ್ದರಿಂದ ನೀರಿನ ರಂಗು ಅದರಲ್ಲಿ ಏಳುವುದಿಲ್ಲ.

ಕಲೆ ಗೆರೆ ಗೊತ್ತಿಲ್ಲದೆ ಅಲ್ಲಲ್ಲಿ ಚುಕ್ಕಿ ಚುಕ್ಕಿಯಾಗಿ, ಬೂದು ಹಸಿರಾಗಿ, ಮೂಗಿಗೆ ಹಿಡಿದರೆ ಮುಗ್ಗುಲು ವಾಸನೆ ಇದ್ದರೆ ಅದು ಬೂಷ್ಟು. ಜುಲೈನಲ್ಲಿ ಇಲ್ಲಿನ ಗಾಳಿಯ ತೇವ ಶೇಕಡಾ 80 ದಾಟಿ ವಾರಗಟ್ಟಲೆ ಇಳಿಯುವುದಿಲ್ಲ. ಕಪಾಟಿನಲ್ಲಿ ಚಪ್ಪಲಿಗೂ ಬೆಲ್ಟಿಗೂ ಬರುವ ಬೂಷ್ಟು ಈ ಮನೆಗೂ ಬರುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿಸಿ, ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಪೂರ್ತಿ ಒಣಗದ ಮನೆಯನ್ನು ಡಬ್ಬಕ್ಕೆ ಹಾಕಿದರೆ ಮಾತ್ರ ಇನ್ನೂ ಜಾಸ್ತಿ ಬರುತ್ತದೆ.

ಬಿಳಿ ಮಂಜು

ಇದು ಎರಡು ತರ, ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ.

ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡೆದ ಮೇಲೆ ಇಡೀ ಮನೆ ಬೂದಿ ಎರಚಿದ ಹಾಗೆ ಆದರೆ, ಗಾಳಿಯ ತೇವ ವಾರ್ನಿಶ್‌ನಲ್ಲಿ ಸಿಕ್ಕಿಹಾಕಿಕೊಂಡಿದೆ. ಒಂದು ಮೂಲೆಗೆ ನೀರು ಹಚ್ಚಿ. ಒದ್ದೆ ಇರುವಷ್ಟು ಹೊತ್ತು ಬಣ್ಣ ಚೆನ್ನಾಗಿ ಕಂಡು, ಒಣಗಿದ ಮೇಲೆ ಮತ್ತೆ ಬೆಳ್ಳಗಾದರೆ ಕೆಳಗಿನ ಬಣ್ಣ ಕೆಟ್ಟಿಲ್ಲ. ಮಳೆ ಬಿಟ್ಟ ದಿನ ನೋಡಿ ಹೊಳಪು ವಾರ್ನಿಶ್ ಅನ್ನು ಬ್ರಷ್‌ನಲ್ಲಿ ಹಚ್ಚಿ. ಬಹಳ ಸಲ ಮಂಜು ಕರಗುತ್ತದೆ. ಆಮೇಲೆ ಮ್ಯಾಟ್, ಅದನ್ನೂ ಬ್ರಷ್‌ನಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಸ್ಪ್ರೇ ವಾರ್ನಿಶ್ ಕ್ಯಾನ್ ಮುಟ್ಟುವುದಿಲ್ಲ.

ಕಿಟಕಿಯ ಪ್ಲಾಸ್ಟಿಕ್ ಹಾಳೆಯ ಸುತ್ತ ಮಾತ್ರ ಬಿಳಿ ಹೊಗೆ ಹಿಡಿದಂತೆ ಇದ್ದರೆ ಅದು ಸೂಪರ್ ಗ್ಲೂದ ಆವಿ. ಕಿಟಕಿಗೆ ಬಿಳಿ ಅಂಟನ್ನೇ ಬಳಸಿ, ಒಣಗಿದ ಮೇಲೆ ಅದು ಗಾಜಿನಷ್ಟೇ ತಿಳಿಯಾಗುತ್ತದೆ.

ಕಿವಿ ತೂತಿಗೆ ಹೋಗದಿದ್ದರೆ

ಗೋಡೆಯ ಅಂಚಿನಲ್ಲಿ ಚಾಚಿರುವ ಕಿವಿಗಳು ಪಕ್ಕದ ಭಾಗದ ತೂತುಗಳಿಗೆ ಬಿಗಿಯಾದರೆ ಸುತ್ತಿಗೆ ಬೇಡ. 3 ಮಿ.ಮೀ. ಅನ್ನುವ ಎಂಡಿಎಫ್ ಹಾಳೆಯಿಂದ ಹಾಳೆಗೆ 0.1, 0.2 ಹೆಚ್ಚು ಕಡಿಮೆ ಇರುತ್ತದೆ. ಮಳೆಗಾಲದಲ್ಲಿ ಇನ್ನೊಂಚೂರು ಹಿಗ್ಗುತ್ತದೆ. ಕಿವಿಯನ್ನು ಎರಡು ಸಲ ಉಜ್ಜಿ ನೋಡಿ. ಅಂಟು ಹಾಕುವ ಮೊದಲು ಇಡೀ ಮನೆಯನ್ನು ಹಾಗೇ ಒಂದು ಸಲ ಜೋಡಿಸಿ, ಮಾಡನ್ನೂ ಇಟ್ಟು ನೋಡಿದರೆ ಮೇಲಿನ ಅರ್ಧ ತೊಂದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಥರ್ಮಾಕೋಲ್‌ನಿಂದ ಚಿಮಣಿಯೋ ಕಲ್ಲಿನ ಅಡಿಪಾಯವೋ ಮಾಡಿ ನೇರ ಸ್ಪ್ರೇ ಹೊಡೆದರೆ ಅದು ಕರಗಿ ಗುಂಡಿ ಬೀಳುತ್ತದೆ. ಮೊದಲು ಬಿಳಿ ಅಂಟಿನಿಂದ ಎಲ್ಲೂ ಬಿಡದೆ ಮುಚ್ಚಿ, ಆಮೇಲೆ ಬಣ್ಣ.

ಎಲ್ಲ ಸರಿ ಇದ್ದರೂ ಮನೆ ನಿಜ ಅನ್ನಿಸದಿದ್ದರೆ

ಇದನ್ನು ನಾನು ದೋಷ ಅಂತಲೇ ಎಣಿಸುತ್ತೇನೆ, ಬಾಗಿದ ಗೋಡೆಯಷ್ಟೇ ದೊಡ್ಡ ದೋಷ. ಕಿಟ್‌ಗೆ ತಮ್ಮದೇ ಪಟ್ಟಿ ಸೇರಿಸಿ ಬದಲಾಯಿಸುವವರು ಇಲ್ಲೇ ಎಡವುತ್ತಾರೆ. ಮನೆ ಅಂದವಾಗಿದೆ, ಆದರೂ ಏನೋ ಸುಳ್ಳು ಕಾಣುತ್ತದೆ, ಏನು ಅಂತ ಗೊತ್ತಾಗುವುದಿಲ್ಲ.

ಮಾಡಿನ ಭಾರವನ್ನು ಬೆರಳಿನಲ್ಲಿ ಹಿಡಿದು ಕೆಳಗೆ ಇಳಿಸುತ್ತಾ ಹೋಗಿ. ಮಾಡು ಮೇಲಿನ ಅಡ್ಡ ತೊಲೆಯ ಮೇಲೆ ಕೂತಿದೆ. ತೊಲೆ ಕಂಬಗಳ ಮೇಲೆ. ಕಂಬ ಕೆಳಗಿನ ಅಡ್ಡ ತೊಲೆಯ ಮೇಲೆ, ಅದು ಕಲ್ಲಿನ ಅಡಿಪಾಯದ ಮೇಲೆ. ಎಲ್ಲಾದರೂ ಬೆರಳು ಬಿಳಿ ಗೋಡೆಗೆ ಬಂದು ನಿಂತರೆ ಅಲ್ಲಿ ತಪ್ಪಿದೆ. ಕಿಟಕಿಯ ತಲೆಯ ಮೇಲೆ ನೇರ ನಿಂತ ಕಂಬ, ನೆಲ ಮುಟ್ಟುವ ಮೊದಲೇ ಮುಗಿದ ಕಂಬ, ಎರಡು ಕಂಬಗಳಿಗೂ ತಾಗದೆ ಗಾಳಿಯಲ್ಲಿ ತೇಲುವ ಓರೆ ಪಟ್ಟಿ. ಈ ಮನೆಗಳಲ್ಲಿ ಮರವೇ ಮನೆ. ಬಿಳಿ ಭಾಗ ತಡಿಕೆ ಹೆಣೆದು ಮಣ್ಣು ಮೆತ್ತಿ ಸುಣ್ಣ ಬಳಿದದ್ದು, ಕೆಲವೆಡೆ ಇಟ್ಟಿಗೆ. ಅದು ಸಂದು ತುಂಬುತ್ತದೆ, ಭಾರ ಹೊರುವುದಿಲ್ಲ. ನಮ್ಮ ಹಳ್ಳಿಗಳ ತಡಿಕೆ ಗೋಡೆ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಓರೆ ಪಟ್ಟಿಗಳು ಇರುವುದು ಚೌಕಟ್ಟು ಪಕ್ಕಕ್ಕೆ ವಾಲದಿರಲಿ ಅಂತ. ಆದ್ದರಿಂದ ಅವು ಜಾಸ್ತಿ ಮೂಲೆಗಳ ಹತ್ತಿರ ಬರುತ್ತವೆ.

ಮೇಲಂತಸ್ತು ಹೊರಗೆ ಚಾಚಿದ್ದರೆ ಅದರ ಅಡಿಯಲ್ಲಿ ಜಂತಿಗಳ ತುದಿ ಸಾಲಾಗಿ ಕಾಣಬೇಕು. ಚಾಚಿದ ನೆಲವನ್ನು ಹೊತ್ತದ್ದು ಅವೇ ಅಲ್ವಾ. ಬಹಳ ಕಿಟ್‌ಗಳು ಇದನ್ನು ಬಿಟ್ಟಿರುತ್ತವೆ. 3 ಮಿ.ಮೀ. ಚೌಕದ ಕಡ್ಡಿಯನ್ನು ಚೂರು ಚೂರು ಮಾಡಿ ಅಂಟಿಸಿದರೆ ಮನೆಗೆ ಜೀವ ಬರುತ್ತದೆ. ಕಿಟ್‌ಗೆ ಏನಾದರೂ ಒಂದೇ ಸೇರಿಸುತ್ತೀರಾದರೆ ಇದನ್ನು ಸೇರಿಸಿ.

ಬಾಗಿಲೂ ಅಳೆಯಿರಿ. 28 ಮಿ.ಮೀ. ಸೈನಿಕರು ಸುಮಾರು 1:56 ಅಳತೆ. ಎರಡು ಮೀಟರ್ ಬಾಗಿಲು 36 ಮಿ.ಮೀ. ಆಗುತ್ತದೆ. ಸೈನಿಕ ನಿಂತ ತಟ್ಟೆಯ ದಪ್ಪ ಸೇರಿದರೆ 40ರ ಹತ್ತಿರ ಇದ್ದಾಗ ಕಣ್ಣಿಗೆ ಸರಿ ಕಾಣುತ್ತದೆ. 50 ಆದರೆ ದೇವಸ್ಥಾನದ ಬಾಗಿಲು.

ಬಣ್ಣದ ವಿಷಯ. ಅಚ್ಚ ಕಪ್ಪು ಮರ, ಅಚ್ಚ ಬಿಳಿ ಗೋಡೆ ಅನ್ನುವುದು ಇಂಗ್ಲೆಂಡಿನಲ್ಲಿ ಹೆಚ್ಚಾಗಿ 19ನೇ ಶತಮಾನದಲ್ಲಿ ಬೆಳೆದ ರೂಢಿ. ಹಾಗೇ ಬಿಟ್ಟ ಓಕ್ ಮರ ಬಿಸಿಲು ಮಳೆಗೆ ಬೆಳ್ಳಿಯಂಥ ಬೂದು ಬಣ್ಣಕ್ಕೆ ತಿರುಗುತ್ತದೆ. ಜರ್ಮನಿಯ ಊರುಗಳಲ್ಲಿ ಕೆಂಗಂದು, ಬೂದು, ಹಳದಿ ಎಲ್ಲ ಉಂಟು. 1994ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕ್ವೆಡ್ಲಿನ್‌ಬುರ್ಗ್ ಊರಿನಲ್ಲಿ ಇಂಥ ಮನೆಗಳು 1,300ಕ್ಕೂ ಹೆಚ್ಚಿವೆ. ಅಲ್ಲಿನ ಚಿತ್ರಗಳನ್ನು ಹತ್ತು ನಿಮಿಷ ನೋಡಿದರೆ ಬಣ್ಣದ ಹೆದರಿಕೆ ಹೋಗುತ್ತದೆ. ಕಪ್ಪೇ ಬೇಕು ಅಂದರೂ ಕಡು ಕಂದಿನಿಂದ ಶುರು ಮಾಡಿ, ಅಂಚುಗಳಿಗೆ ಒಣ ಬ್ರಷ್‌ನಲ್ಲಿ ಬೂದು ಎಳೆಯಿರಿ.

ಅಕ್ಕನ ಮಗ ಕಟ್ಟಿದ ಮನೆಯಲ್ಲಿ ಒಂದು ಓರೆ ಪಟ್ಟಿ ಕಂಬಕ್ಕೆ ತಾಗದೆ ನಾಲ್ಕು ಮಿಲಿಮೀಟರ್ ಮೊದಲೇ ನಿಂತಿತ್ತು. ತೋರಿಸಿದೆ. ಸ್ವಲ್ಪ ಹೊತ್ತು ನೋಡಿದ, ಉಗುರಿನಿಂದ ಎಬ್ಬಿಸಿದ. ಹಿಂಬದಿಯಲ್ಲಿ ಬಣ್ಣದ ಸಿಪ್ಪೆ ಇತ್ತು.

ಮುಂದಿನ ಭಾನುವಾರ ಮನೆ ತೆಗೆದುಕೊಂಡು ಹೋಗಲು ಬಂದ. ಓಟಾ ಮೇಲೆ ಇಟ್ಟು ತಾನೇ ಸ್ಕೇಲ್ ಹಿಡಿದ, ಟಾರ್ಚ್ ಹಾಕಿದ. ಬೆಳಕು ಬರಲಿಲ್ಲ. ಮಾಡನ್ನು ಎತ್ತಿ ಅರ್ಧ ಸುತ್ತು ತಿರುಗಿಸಿ ಇಟ್ಟ, ಮತ್ತೆ ತಿರುಗಿಸಿ ಇಟ್ಟ. ಎರಡೂ ಸಲ ಪಟ್ಟಂತ ಕೂತಿತು.